ಸೀಸನ್ ಟಿಕೆಟ್ ಬಿಡುವ ಮೊದಲು ಇಷ್ಟು ಮಾಡಿ ನೋಡಿ ಸರ್

ಸರ್, ನಿಮ್ಮ ಪ್ರಶ್ನೆ ಓದಿದೆ. ನಿಮ್ಮೂರ ಸ್ಟೇಟ್ ಯೂನಿವರ್ಸಿಟಿಯ ಐಸ್ ಹಾಕಿ ತಂಡ ವರ್ಷ ವರ್ಷ ಸೋಲುತ್ತಲೇ ಇದೆ. ಆದರೂ ಅಥ್ಲೆಟಿಕ್ ಡೈರೆಕ್ಟರ್ (ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥರು) ಕೋಚ್‌ನ ಕಾಂಟ್ರ್ಯಾಕ್ಟ್ ಮುಂದುವರಿಸಿದ್ದಾರೆ. ಇಮೇಲ್ ಕಳಿಸಿದರೆ ಉತ್ತರ ಇಲ್ಲ. ಈ ಸಲ ಸೀಸನ್ ಟಿಕೆಟ್ (ಇಡೀ ಸೀಸನ್ನಿನ ಪಂದ್ಯಗಳ ಟಿಕೆಟ್) ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾನೂ ಇಲ್ಲಿ ಮಿಡ್‌ವೆಸ್ಟ್‌ನಲ್ಲಿ ಇಂಥದೇ ಒಂದು ಸಣ್ಣ ತಂಡವನ್ನು ಹಚ್ಚಿಕೊಂಡವನು. ಮೂರು ಪಿರಿಯಡ್‌ನ ಆಟದಲ್ಲಿ ಎರಡನೇ ಪಿರಿಯಡ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಜಾಕೆಟ್ ಜಿಪ್ ಎಳೆದುಕೊಂಡು ಬಾಗಿಲ ಕಡೆ ಹೊರಟಿರುತ್ತಾರೆ. ಎದುರಾಳಿ ಆಟಗಾರನೊಬ್ಬ ತಪ್ಪು ಮಾಡಿ ಹೊರಗೆ ಕೂತು ಪವರ್ ಪ್ಲೇ ಸಿಕ್ಕರೆ ನಮ್ಮ ಐವರು ಅವರ ನಾಲ್ವರ ಎದುರು ಪಕ್ಕನ್ನು ಅತ್ತಿಂದಿತ್ತ ದಾಟಿಸುತ್ತಾ ಎರಡು ನಿಮಿಷ ಕಳೆಯುತ್ತಾರೆ, ಗೋಲಿನ ಕಡೆ ಒಂದು ಹೊಡೆತವೂ ಇಲ್ಲ. ಹೊಟ್ಟೆ ಉರಿಯುತ್ತದೆ.

ಆದರೆ ಸುಮ್ನೆ ಟಿಕೆಟ್ ಬಿಟ್ಟರೆ ನೀವು ಯಾಕೆ ಬಿಟ್ಟಿರಿ ಅಂತ ಖಾಲಿ ಕುರ್ಚಿ ಹೇಳುವುದಿಲ್ಲ. ಆಫೀಸಿನವರು ಅದನ್ನು ‘ಜನರಿಗೆ ಹಾಕಿ ಬೇಡವಾಗಿದೆ’ ಅಂತ ಓದಿಕೊಳ್ಳುತ್ತಾರೆ. ಐಸ್ ಕಾಪಾಡುವುದು, ಸ್ಕೇಟು, ಸ್ಟಿಕ್ಕು, ಪ್ರಯಾಣ, ಸ್ಕಾಲರ್‌ಶಿಪ್ಪು ಎಲ್ಲ ಸೇರಿ ಇದು ದುಬಾರಿ ಆಟ. ಬಜೆಟ್ ಬಿಗಿಯಾದರೆ ಕತ್ತರಿ ಬೇಗ ಬೀಳುವುದು ಇಂಥ ಕಡೆಗೇ.

ಅಲಬಾಮಾದ ಹಂಟ್ಸ್‌ವಿಲ್ ತಂಡವನ್ನೇ ನೋಡಿ. 2020ರ ಮೇ ತಿಂಗಳಲ್ಲಿ ಯೂನಿವರ್ಸಿಟಿ ತಂಡವನ್ನು ಮುಚ್ಚುತ್ತೇವೆ ಅಂದಿತು. ಅಭಿಮಾನಿಗಳು ಮತ್ತು ಹಳೆಯ ಆಟಗಾರರು ಕೆಲವೇ ದಿನಗಳಲ್ಲಿ ಹಣ ಕೂಡಿಸಿ ಒಂದು ಸೀಸನ್ ಉಳಿಸಿಕೊಂಡರು. ಆದರೆ ಅಷ್ಟು ಹೊತ್ತಿಗಾಗಲೇ ಅವರಿದ್ದ ಕಾನ್ಫರೆನ್ಸ್‌ನಿಂದ (ತಮ್ಮತಮ್ಮಲ್ಲೇ ಆಡುವ ಕಾಲೇಜು ತಂಡಗಳ ಕೂಟ) ಏಳು ತಂಡಗಳು ಹೊರಡುವುದು ಖಚಿತವಾಗಿತ್ತು. ಸೇರಿಕೊಳ್ಳಲು ಬೇರೆ ಕಾನ್ಫರೆನ್ಸ್ ಸಿಗಲಿಲ್ಲ. 2021ರ ಮೇನಲ್ಲಿ ತಂಡ ನಿಂತೇ ಹೋಯಿತು. ಕೊನೇ ಗಳಿಗೆಯ ದುಡ್ಡು ಅಷ್ಟಕ್ಕೇ ಆಗುತ್ತದೆ.

ಅಲಾಸ್ಕಾದ ಆಂಕರೇಜ್‌ನಲ್ಲೂ ಅದೇ 2020ರಲ್ಲಿ ಹಾಕಿ ನಿಲ್ಲಿಸುವ ತೀರ್ಮಾನ ಆಯಿತು. ಅಲ್ಲಿ ಆಡಳಿತ ಮಂಡಳಿ ಒಂದು ಷರತ್ತು ಹಾಕಿತ್ತು. ಎರಡು ವರ್ಷದ ಖರ್ಚು, ಅಂದರೆ 30 ಲಕ್ಷ ಡಾಲರ್ ತನ್ನಿ, ಉಳಿಸುತ್ತೇವೆ. ಊರಿನವರು 2021ರ ಆಗಸ್ಟ್ ಒಳಗೆ ಅಷ್ಟನ್ನೂ ಕೂಡಿಸಿದರು. 2022-23ರಲ್ಲಿ ತಂಡ ಮತ್ತೆ ಐಸ್‌ಗೆ ಇಳಿಯಿತು. ಒಹಾಯೊದ ಬೌಲಿಂಗ್ ಗ್ರೀನ್ ಯೂನಿವರ್ಸಿಟಿಯ ತಂಡ 1984ರ ರಾಷ್ಟ್ರೀಯ ಚಾಂಪಿಯನ್. ಅದಕ್ಕೂ 2009ರ ಹೊತ್ತಿಗೆ ಮುಚ್ಚುವ ಭೀತಿ ಬಂದಿತ್ತು. ಅಲ್ಲಿಯೂ ಹಳೆಯ ಆಟಗಾರರು, ಅಭಿಮಾನಿಗಳು ದುಡ್ಡು ಹೊಂದಿಸಿ ನಿಂತರು. 2019ರಲ್ಲಿ ತಂಡ ಮತ್ತೆ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಟೂರ್ನಿಗೆ ಹೋಯಿತು.

ಹಾಗಾಗಿ ಮೊದಲು ಲೆಕ್ಕ ನೋಡಿ. ಅಮೆರಿಕದ ಶಿಕ್ಷಣ ಇಲಾಖೆ ‘ಇಕ್ವಿಟಿ ಇನ್ ಅಥ್ಲೆಟಿಕ್ಸ್’ ಅನ್ನುವ ಸೈಟಿನಲ್ಲಿ ಪ್ರತಿ ಕಾಲೇಜಿನ ಪ್ರತಿ ಆಟದ ಖರ್ಚು, ಆದಾಯ ಹಾಕುತ್ತದೆ. ಪುಕ್ಕಟೆ. ಒಂದು ಎಚ್ಚರಿಕೆ: ಬಹಳ ಕಡೆ ಎರಡೂ ಅಂಕಿ ಡಾಲರಿಗೆ ಡಾಲರ್ ಸಮ ಇರುತ್ತದೆ. ಯೂನಿವರ್ಸಿಟಿ ತಾನೇ ಕೊಟ್ಟ ದುಡ್ಡನ್ನೂ ಆದಾಯಕ್ಕೆ ಸೇರಿಸಿ ತೋರಿಸುವುದರಿಂದ ಹೀಗಾಗುತ್ತದೆ. ‘ಹಾಕಿಗೆ ನಷ್ಟ ಇಲ್ಲ’ ಅಂತ ಅದನ್ನೇ ಹಿಡಿದು ವಾದ ಮಾಡಬೇಡಿ. ಖರ್ಚಿನ ಕಾಲಮ್ಮನ್ನು ನಿಮ್ಮ ಕಾನ್ಫರೆನ್ಸಿನ ಉಳಿದ ತಂಡಗಳ ಪಕ್ಕ ಇಟ್ಟು ನೋಡಿ. ಎಲ್ಲರಿಗಿಂತ ಕಡಿಮೆ ಇದ್ದರೆ ತಪ್ಪು ಕೋಚ್ ಒಬ್ಬರದೇ ಅಲ್ಲ, ಮೇಲಿನವರದೂ ಹೌದು.

ಕೋಚ್‌ನ ಕಾಂಟ್ರ್ಯಾಕ್ಟ್ ಕೂಡ ಕೇಳಿ. ಸ್ಟೇಟ್ ಯೂನಿವರ್ಸಿಟಿ ಆದ್ದರಿಂದ ನಿಮ್ಮ ರಾಜ್ಯದ ಸಾರ್ವಜನಿಕ ದಾಖಲೆ ಕಾಯ್ದೆಯ ಕೆಳಗೆ ಅರ್ಜಿ ಹಾಕಬಹುದು. ಅದರಲ್ಲಿ ಬೈಔಟ್ ಮೊತ್ತ ಹುಡುಕಿ. ಮಧ್ಯದಲ್ಲಿ ತೆಗೆದರೆ ಎಷ್ಟು ಕೊಡಬೇಕು ಅನ್ನುವುದು ಗೊತ್ತಾದರೆ, ಡೈರೆಕ್ಟರ್ ಯಾಕೆ ಬಾಯಿ ಬಿಡುತ್ತಿಲ್ಲ ಅನ್ನುವುದೂ ಎಷ್ಟೋ ಸಲ ಗೊತ್ತಾಗುತ್ತದೆ.

ಆಮೇಲೆ ಪತ್ರ. ಒಬ್ಬರೇ ಬರೆಯಬೇಡಿ. ನಿಮ್ಮ ಸಾಲಿನಲ್ಲಿ ಕೂರುವ ಹತ್ತು ಹದಿನೈದು ಟಿಕೆಟ್‌ದಾರರ ಸಹಿ ಹಾಕಿಸಿ, ಡೈರೆಕ್ಟರ್ ಜೊತೆಗೆ ಯೂನಿವರ್ಸಿಟಿಯ ಆಡಳಿತ ಮಂಡಳಿಯ ಟ್ರಸ್ಟಿಗಳಿಗೂ ಕಳಿಸಿ. ‘ಕೋಚ್‌ನ ಓಡಿಸಿ’ ಅಂತ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಉತ್ತರ ಕೊಡಲೇಬೇಕಾದಂಥ ಪ್ರಶ್ನೆ ಕೇಳಿ. 2025-26ರಿಂದ ಕೆನಡಾದ ಮೇಜರ್ ಜೂನಿಯರ್ (ಅಲ್ಲಿನ ಹದಿಹರೆಯದವರ ಉನ್ನತ ಮಟ್ಟದ ಹಾಕಿ) ಲೀಗಿನ ಹುಡುಗರಿಗೂ ಎನ್‌ಸಿಎಎ ಬಾಗಿಲು ತೆರೆದಿದೆ. ಅವರನ್ನು ಕರೆತರಲು ನಮ್ಮಲ್ಲಿ ಯಾರಿದ್ದಾರೆ, ಅದಕ್ಕೆ ಬಜೆಟ್ ಎಷ್ಟು? ಆಟಗಾರರು ಕಾಲೇಜು ಬದಲಿಸಲು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ನಮ್ಮ ಒಳ್ಳೆಯ ಆಟಗಾರರು ಯಾಕೆ ಹೊರಟರು? ಟ್ರಸ್ಟಿಗಳ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡುತ್ತಾರಾ ನೋಡಿ. ಕೊಟ್ಟರೆ ಮೊದಲೇ ಹೆಸರು ಬರೆಸಿ, ಇದೇ ಪ್ರಶ್ನೆಗಳನ್ನು ಅಲ್ಲಿ ಕೇಳಿ.

ದೇಣಿಗೆ ಕೊಡುತ್ತಿದ್ದರೆ ಪೂರಾ ನಿಲ್ಲಿಸಬೇಡಿ, ಅಥ್ಲೆಟಿಕ್ಸ್‌ನ ಸಾಮಾನ್ಯ ನಿಧಿಗೂ ಹಾಕಬೇಡಿ. ಹಾಕಿ ಸ್ಕಾಲರ್‌ಶಿಪ್ ಎಂಡೋಮೆಂಟ್‌ಗೆ (ಶಾಶ್ವತ ನಿಧಿಗೆ) ಮಾತ್ರ ಅಂತ ಲಿಖಿತವಾಗಿ ಕೊಡಿ. ಹಾಗೆ ಕೊಟ್ಟದ್ದನ್ನು ಬೇರೆ ಕಡೆ ತಿರುಗಿಸುವುದು ಅವರಿಗೆ ಸುಲಭವಲ್ಲ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಈ ಆನ್‌ಲೈನ್ ಗುಂಪಿನಲ್ಲಿ ಕೆಲವರು ತಂಡದ ಗೋಲ್‌ಕೀಪರ್‌ನ ಇನ್‌ಸ್ಟಾಗ್ರಾಂಗೆ ಹೋಗಿ ಬೈದು ಬಂದೆ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಇಪ್ಪತ್ತರ ಆಸುಪಾಸಿನ ಹುಡುಗ, ಬೆಳಗ್ಗೆ ಕ್ಲಾಸಿಗೆ ಹೋಗಿ ಸಂಜೆ ನಲವತ್ತು ಹೊಡೆತ ತಡೆಯುತ್ತಾನೆ. ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದ್ದು ಅವನಲ್ಲ.

ಇಷ್ಟೆಲ್ಲ ಆದ ಮೇಲೂ ಉತ್ತರ ಬರದಿದ್ದರೆ ಟಿಕೆಟ್ ಬಿಡಿ, ಆದರೆ ಕಾರಣ ಬರೆದು ಬಿಡಿ. ಆಗ ನಿಮ್ಮ ಜಾಗ ಖಾಲಿ ಯಾಕೆ ಅಂತ ಅವರ ಫೈಲಿನಲ್ಲೇ ಇರುತ್ತದೆ. ರಿನ್ಯೂವಲ್ ಕೊನೇ ದಿನಕ್ಕೆ ಇನ್ನೂ ಸಮಯ ಇದೆ ಅಲ್ವಾ? ಪತ್ರದ ಡ್ರಾಫ್ಟ್ ಇಲ್ಲೇ ಹಾಕಿ, ಕೂತು ತಿದ್ದಿಕೊಡುತ್ತೇನೆ.