ಓದುಗರ ಪ್ರಶ್ನೆ: ರಾಪ್ಟರ್ಸ್ ಕಪ್ ಗೆದ್ದಿದ್ದು ಲಕ್ಕಿನಿಂದಾನಾ?

ಹೋದ ಸಂಚಿಕೆಲಿ ಕೆನಡಾದ ಟೊರೊಂಟೊ ರಾಪ್ಟರ್ಸ್ 2019ರಲ್ಲಿ ಎನ್‌ಬಿಎ ಅಂದ್ರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಚಾಂಪಿಯನ್ ಆದ ವಿಷಯ ಒಂದು ಪ್ಯಾರಾ ಬರೆದಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಪ್ರಶ್ನೆಗಳನ್ನ ನೋಡಿದ್ರೆ ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ನೋಡೋರು ಇಷ್ಟು ಜನ ಇದಾರಾ ಅನ್ನಿಸ್ತು. ಹಾಗಾಗಿ ಈ ಸಲ ಕ್ರಿಕೆಟ್ ಪ್ರಶ್ನೆಗಳೆಲ್ಲ ಪಕ್ಕಕ್ಕೆ, ಬೈಕೋಬೇಡಿ.

ಎನ್‌ಬಿಎ ಪ್ಲೇಆಫ್ ಅಂದ್ರೆ ನಮ್ಮ ಐಪಿಎಲ್ ಪ್ಲೇಆಫ್ ಥರಾನೇನಾ? (ಹಾಸನದಿಂದ)

ಹೆಸರು ಒಂದೇ, ಆಟ ಬೇರೆ. ಅಲ್ಲಿ 30 ಟೀಮು, ಅರ್ಧ ಈಸ್ಟು ಅರ್ಧ ವೆಸ್ಟು, ಒಂದೊಂದು ಟೀಮೂ ಅಕ್ಟೋಬರ್‌ನಿಂದ ಏಪ್ರಿಲ್ ತನಕ 82 ಮ್ಯಾಚ್ ಆಡುತ್ತೆ, ಆಮೇಲೆ ಎರಡೂ ಕಡೆಯಿಂದ ಎಂಟೆಂಟು ಟೀಮು ಪ್ಲೇಆಫ್‌ಗೆ. ನಾಲ್ಕು ರೌಂಡು, ಪ್ರತಿ ರೌಂಡಲ್ಲೂ ಏಳು ಮ್ಯಾಚಲ್ಲಿ ಯಾರು ಮೊದಲು ನಾಲ್ಕು ಗೆಲ್ತಾರೋ ಅವರು ಮುಂದಕ್ಕೆ. ಅಂದ್ರೆ ಕಪ್ಪಿಗೆ 16 ಗೆಲುವು ಬೇಕು. ರಾಪ್ಟರ್ಸ್ ಆ ವರ್ಷ 24 ಮ್ಯಾಚ್ ಆಡಿ 16 ಗೆದ್ದು 8 ಸೋತ್ರು. ಐಪಿಎಲ್‌ನಲ್ಲಿ ಒಂದು ಸಂಜೆ ಟಾಪ್ ಆರ್ಡರ್ ಮಕಾಡೆ ಮಲಗಿದ್ರೆ ಮನೆಗೆ, ಅಲ್ಲಿ ಹಂಗಲ್ಲ, ಒಂದಿನ ಕೆಟ್ಟದಾಗಿ ಆಡಿದ್ರೂ ನಾಡಿದ್ದು ಇನ್ನೊಂದು ಚಾನ್ಸ್ ಇರುತ್ತೆ, ಆದ್ರೆ ಎದುರಾಳಿ ಕೋಚ್ ಎರಡು ವಾರ ನಿಮ್ಮದೇ ವಿಡಿಯೋ ನೋಡ್ತಾ ಕೂತಿರ್ತಾನೆ, ನಿಮ್ಮ ವೀಕ್‌ನೆಸ್ ಬಚ್ಚಿಡೋಕೆ ಆಗಲ್ಲ.

ಅಷ್ಟು ವರ್ಷ ಟೀಮಿಗಾಗಿ ಆಡಿದ ಡೆರೋಜನ್‌ನ ಹಂಗೆ ಕೊಟ್ಟುಬಿಟ್ಟಿದ್ದು ದ್ರೋಹ ಅಲ್ವಾ? (ಧಾರವಾಡದಿಂದ)

ಹೌದು, ದ್ರೋಹಾನೇ. ಅದನ್ನ ಮಾಡದೇ ಇದ್ದಿದ್ರೆ ಕಪ್ ಬರ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ.

ಹಿಂದಿನ ಸೀಸನ್ ಅಂದ್ರೆ 2017-18ರಲ್ಲಿ ರಾಪ್ಟರ್ಸ್ 59 ಮ್ಯಾಚ್ ಗೆದ್ದು ಈಸ್ಟಲ್ಲಿ ನಂಬರ್ ಒನ್ ಆಗಿದ್ರು, ಆಮೇಲೆ ಪ್ಲೇಆಫ್‌ನಲ್ಲಿ ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ಎದುರು 4-0 ಸೋತು ಮನೆಗೆ ಬಂದ್ರು. 2016ರಲ್ಲೂ ಅವನೇ, 2017ರಲ್ಲೂ ಅವನೇ, ಮೂರು ವರ್ಷ ಒಬ್ಬನೇ ಮನುಷ್ಯ. ಜನ ಟೊರೊಂಟೊನ ಲೆಬ್ರಾಂಟೊ ಅಂತ ಆಡಿಕೊಳ್ತಿದ್ರು. ಸರಿ, ಟೀಮಿನ ಪ್ರೆಸಿಡೆಂಟ್ ಮಸಾಯ್ ಉಜಿರಿ (ನೈಜೀರಿಯಾದವರು, ನಮ್ಮ ಉಜಿರೆಯವರಲ್ಲ!) ಮೊದಲು ಕೋಚ್ ಡ್ವೇನ್ ಕೇಸಿನ ತೆಗೆದ್ರು, ತಮಾಷೆ ನೋಡಿ, ತೆಗೆದು ಒಂದೂವರೆ ತಿಂಗಳಿಗೆ ಅದೇ ಕೇಸಿಗೆ ವರ್ಷದ ಬೆಸ್ಟ್ ಕೋಚ್ ಪ್ರಶಸ್ತಿ ಬಂತು. ಆಮೇಲೆ ಜುಲೈ 18ಕ್ಕೆ ಬಾಂಬು. ಒಂಬತ್ತು ವರ್ಷ ಆ ಊರನ್ನ ತನ್ನದು ಅಂದ್ಕೊಂಡಿದ್ದ ಡೆಮಾರ್ ಡೆರೋಜನ್‌ನ, ಜೊತೆಗೆ ಯಾಕೋಬ್ ಪೋಲ್ಟಲ್‌ನ, ಮೇಲೊಂದು ಡ್ರಾಫ್ಟ್ ಪಿಕ್ಕನ್ನೂ (ಹೊಸ ಆಟಗಾರನ್ನ ಆರಿಸೋ ಸರದಿ) ಸ್ಯಾನ್ ಆಂಟೋನಿಯೋ ಟೀಮಿಗೆ ಕೊಟ್ಟು ಸ್ಟಾರ್ ಆಟಗಾರ ಕವಾಯ್ ಲೆನರ್ಡ್ ಮತ್ತೆ ಡ್ಯಾನಿ ಗ್ರೀನ್‌ನ ತಗೊಂಡ್ರು.

ಈಗ ರಿಸ್ಕ್ ಎಷ್ಟಿತ್ತು ನೋಡಿ. ಕವಾಯ್ ಹಿಂದಿನ ಸೀಸನ್ನಲ್ಲಿ ತೊಡೆ ಗಾಯ ಅಂತ ಆಡಿದ್ದು ಬರೀ 9 ಮ್ಯಾಚು. ಕಾಂಟ್ರಾಕ್ಟಲ್ಲಿ ಒಂದೇ ವರ್ಷ ಆದ್ಮೇಲೆ ಬಿಟ್ಟು ಹೋಗೋ ಹಕ್ಕು ಅವನ ಕೈಲಿತ್ತು, ಅವನಿಗೆ ಅವರ ಊರು ಕ್ಯಾಲಿಫೋರ್ನಿಯಾ ಕಡೆ ಮನಸ್ಸು ಅಂತ ಎಲ್ಲಾರಿಗೂ ಗೊತ್ತಿತ್ತು. ಬಾಡಿಗೆ ಮನೆಗೆ ಸ್ವಂತ ದುಡ್ಡಲ್ಲಿ ಮಾರ್ಬಲ್ ಹಾಕಿಸಿದ ಹಾಗೆ. ಆದ್ರೂ ಉಜಿರಿ ಮಾಡಿದ್ರು, ಯಾಕಂದ್ರೆ ಅದೇ ಬೇಸಿಗೆಲಿ ಲೆಬ್ರಾನ್ ಲೇಕರ್ಸ್‌ಗೆ ಅಂದ್ರೆ ವೆಸ್ಟಿಗೆ ಹೋಗಿದ್ದ, ಬಾಗಿಲು ತೆಗೆದಿತ್ತು, ಎಷ್ಟು ದಿನ ತೆಗೆದಿರುತ್ತೆ ಗೊತ್ತಿರಲಿಲ್ಲ. ಲಕ್ ಅಂತೀರಲ್ಲ, ನನ್ನ ಪ್ರಕಾರ ಅಲ್ಲೇ ಅರ್ಧ ಉತ್ತರ ಇದೆ. ಸಿಂಹ ಜಾಗ ಖಾಲಿ ಮಾಡಿದ್ದು ಎಲ್ಲಾ ಟೀಮಿಗೂ ಕಾಣ್ತಿತ್ತು, ತನ್ನ ಅಚ್ಚುಮೆಚ್ಚಿನ ಆಟಗಾರನ್ನ ಮಾರೋ ಧೈರ್ಯ ಮಾಡಿದ್ದು ಇವರೊಬ್ಬರೇ.

ಕವಾಯ್ ಕೋಟಿಗಟ್ಟಲೆ ದುಡ್ಡು ತಗೊಂಡು 22 ಮ್ಯಾಚ್ ರೆಸ್ಟ್ ಅಂತ ಕೂತರೆ ಅದೇನು ಸಾಧನೆ? (ಬೆಂಗಳೂರು, ವಿಜಯನಗರದಿಂದ)

ಕೋಪ ಅರ್ಥ ಆಗುತ್ತೆ, ಟಿಕೆಟ್ ತಗೊಂಡು ಬಂದೋರಿಗೆ ಮೋಸಾನೇ. ಲೋಡ್ ಮ್ಯಾನೇಜ್‌ಮೆಂಟ್ ಅನ್ನೋ ಮಾತು ಮನೆಮಾತಾಗಿದ್ದೂ ಆ ವರ್ಷವೇ. ಕವಾಯ್ 82ರಲ್ಲಿ 60 ಆಡಿದ, ಎರಡು ದಿನ ಬೆನ್ನುಬೆನ್ನಿಗೆ ಮ್ಯಾಚ್ ಇದ್ರೆ ಒಂದಕ್ಕೆ ಕೂರಿಸ್ತಿದ್ರು. ಆದ್ರೆ ನೀವು ಕೇಳಬೇಕಾದ್ದು ಅವನು ಇಲ್ಲದ 22 ಮ್ಯಾಚ್ ಏನಾಯ್ತು ಅಂತ. 17 ಗೆದ್ರು, 5 ಸೋತ್ರು. ಲೌರಿ, ಸಿಯಾಕಮ್, ವ್ಯಾನ್‌ವ್ಲೀಟ್ ಇವರೆಲ್ಲ ಒಬ್ಬ ಸ್ಟಾರ್‌ನ ನಂಬ್ಕೊಂಡು ಬದುಕದೇ ಇರೋದನ್ನ ಕಲಿತಿದ್ದು ಅಲ್ಲೇ, ಜೂನ್‌ನ ಫೈನಲ್‌ನಲ್ಲಿ ಅದು ಉಪಯೋಗಕ್ಕೆ ಬಂತು.

ಇನ್ನೊಂದು ಮಜಾ ಇದೆ. ರಾಪ್ಟರ್ಸ್ ಒಟ್ಟು 58 ಗೆದ್ರು, ಫೈನಲ್‌ನಲ್ಲಿ ಎದುರಾದ ಗೋಲ್ಡನ್ ಸ್ಟೇಟ್ ವಾರಿಯರ್ಸ್ 57, ಆ ಒಂದೇ ಒಂದು ಗೆಲುವಿನ ವ್ಯತ್ಯಾಸಕ್ಕೆ ಫೈನಲ್ ಟೊರೊಂಟೊದಲ್ಲಿ ಶುರುವಾಗೋ ಭಾಗ್ಯ ಸಿಕ್ತು. ಮಾಡಿದ್ದೇನು? ಮನೆಲಿ ಆಡಿದ ಮೂರರಲ್ಲಿ ಎರಡು ಸೋತು, ವಾರಿಯರ್ಸ್ ಊರು ಓಕ್‌ಲ್ಯಾಂಡ್‌ಗೆ ಹೋಗಿ ಅಲ್ಲಿ ಆಡಿದ ಮೂರಕ್ಕೆ ಮೂರೂ ಗೆದ್ಕೊಂಡು ಬಂದ್ರು!

ನಾಲ್ಕು ಸಲ ರಿಂಗ್ ಮೇಲೆ ಪುಟಿದು ಒಳಗೆ ಬಿದ್ದ ಆ ಬಾಲು, ಅದು ಲಕ್ಕಲ್ಲದೆ ಇನ್ನೇನು ಸಾರ್? (ಶಿವಮೊಗ್ಗದಿಂದ)

ಅದು ಲಕ್ಕೇ, ಇಲ್ಲ ಅಂದ್ರೆ ನಾಲಿಗೆ ಬಿದ್ದುಹೋಗುತ್ತೆ. ನೋಡದೇ ಇರೋರಿಗೆ: 2019 ಮೇ 12, ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಎದುರು ಎರಡನೇ ರೌಂಡಿನ ಏಳನೇ ಮ್ಯಾಚು, ಸ್ಕೋರ್ 90-90, ನಾಲ್ಕು ಸೆಕೆಂಡು ಚಿಲ್ಲರೆ ಬಾಕಿ, ಕವಾಯ್ ಬಾಲ್ ತಗೊಂಡು ಬಲಗಡೆ ಮೂಲೆ ತನಕ ಓಡಿ, ಏಳಡಿ ಎತ್ತರದ ಜೋಯಲ್ ಎಂಬೀಡ್ ಕೈ ಚಾಚಿಕೊಂಡು ಮೇಲೆ ಬರ್ತಿರುವಾಗ ಅವನ ತಲೆ ಮೇಲಿಂದ ಎಸೆದ, ಟೈಮ್ ಮುಗಿದ ಬಜರ್ ಆಯ್ತು, ಬಾಲು ರಿಂಗ್ ಮೇಲೆ ಒಂದು, ಎರಡು, ಮೂರು, ನಾಲ್ಕು ಸಲ ಕುಣಿದು ಒಳಗೆ. 92-90. ಎನ್‌ಬಿಎ ಇತಿಹಾಸದಲ್ಲಿ ಏಳನೇ ಮ್ಯಾಚನ್ನ ಬಜರ್ ಹೊಡೆತದಲ್ಲಿ ಗೆದ್ದಿದ್ದು ಅದೇ ಮೊದಲು.

ಆದ್ರೆ ಒಂದು ವಿಷ್ಯ. ಆ ರಾತ್ರಿ ಕವಾಯ್ 39 ಸಲ ಬುಟ್ಟಿಗೆ ಎಸೆದ, ಒಳಗೆ ಹೋಗಿದ್ದು 16, ಪಾಯಿಂಟ್ 41. ಅಂದ್ರೆ ಅಷ್ಟೇನೂ ಚೆನ್ನಾಗಿ ಹೊಡೀತಿರಲಿಲ್ಲ, ಕೊನೇಲಿ ಒಂದು ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದ್ರೆ ಸಿಗೋ ಎಸೆತ) ಕೂಡ ಮಿಸ್ ಮಾಡಿದ್ದ, ಆದ್ರೂ ಟೀಮು ಸೋಲ್ತಿರಲಿಲ್ಲ ಯಾಕಂದ್ರೆ ಸಿಕ್ಸರ್ಸ್‌ನ 90ಕ್ಕೆ ಕಟ್ಟಿಹಾಕಿದ್ರು. ಅದರಲ್ಲಿ ಫೆಬ್ರವರಿಲಿ ಮೆಂಫಿಸ್‌ನಿಂದ ತಂದ ಸ್ಪೇನಿನ ಮಾರ್ಕ್ ಗಸೋಲ್ ಪಾಲು ದೊಡ್ಡದು, ಆ ಸೀರೀಸ್ ಉದ್ದಕ್ಕೂ ಎಂಬೀಡ್‌ಗೆ ಉಸಿರಾಡೋಕೆ ಬಿಡಲಿಲ್ಲ. ಹಳೇ ಅಭಿಮಾನಿಗಳಿಗೆ ಇನ್ನೊಂದು ನೆನಪು, 2001ರಲ್ಲಿ ಇದೇ ಎರಡು ಟೀಮು, ಇದೇ ಎರಡನೇ ರೌಂಡು, ಇದೇ ಏಳನೇ ಮ್ಯಾಚು, ಕೊನೇ ಎಸೆತ ವಿನ್ಸ್ ಕಾರ್ಟರ್‌ದು, ಬೀಳಲಿಲ್ಲ, ರಾಪ್ಟರ್ಸ್ ಒಂದು ಪಾಯಿಂಟಲ್ಲಿ ಹೋದ್ರು. ಆವತ್ತು ಕೈಕೊಟ್ಟಿದ್ದೂ ಅದೇ ಲಕ್ಕೇ ತಾನೇ, ಅದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ.

ಹೊಸ ಕೋಚ್ ಫೈನಲ್‌ನಲ್ಲಿ ಸ್ಕೂಲ್ ಹುಡುಗರ ಡಿಫೆನ್ಸ್ ಆಡಿಸಿದ ಅಂತ ಕೇಳಿದೀನಿ, ನಿಜಾನಾ? (ಮಂಡ್ಯದಿಂದ, ಕಾಲೇಜು ಟೀಮಲ್ಲಿ ಆಡ್ತೀನಿ)

ನಿಜ. ಬಾಕ್ಸ್ ಅಂಡ್ ಒನ್ ಅಂತ, ನಿಮ್ಮ ಪಿಟಿ ಮೇಷ್ಟ್ರೂ ಹೇಳಿಕೊಟ್ಟಿರ್ತಾರೆ. ನಾಲ್ಕು ಜನ ಚೌಕಾಕಾರದಲ್ಲಿ ಜಾಗ ಕಾಯೋದು, ಐದನೆಯವನು ಎದುರಾಳಿಯ ಒಬ್ಬನ ನೆರಳಿನ ಹಾಗೆ ಹಿಂದೆ ಬೀಳೋದು. ದೊಡ್ಡ ಮಟ್ಟದಲ್ಲಿ ಯಾರೂ ಆಡಿಸಲ್ಲ, ಬೇರೆ ನಾಲ್ಕು ಜನ ಹೊಡೆದು ಹಾಕ್ತಾರೆ ಅಂತ. ಆದ್ರೆ ಫೈನಲ್‌ನ ಎರಡನೇ ಮ್ಯಾಚಲ್ಲಿ ವಾರಿಯರ್ಸ್‌ನ ಸ್ಟಾರ್ ಡುರಾಂಟ್ ಇರಲಿಲ್ಲ, ಕ್ಲೇ ಥಾಂಪ್ಸನ್ ಗಾಯ ಆಗಿ ಒಳಗೆ ಹೋಗಿದ್ದ, ಹೊಡೆಯೋಕೆ ಉಳಿದಿದ್ದು ಸ್ಟೆಫ್ ಕರಿ ಒಬ್ಬನೇ, ಸೋ ಹೊಸ ಕೋಚ್ ನಿಕ್ ನರ್ಸ್ ವ್ಯಾನ್‌ವ್ಲೀಟ್‌ನ ಅವನ ಹಿಂದೆ ಬಿಟ್ರು, ವಾರಿಯರ್ಸ್ ಐದು ನಿಮಿಷಕ್ಕೂ ಮೇಲೆ ಒಂದು ಪಾಯಿಂಟೂ ಇಲ್ಲದೆ ಒದ್ದಾಡಿದ್ರು. ಮ್ಯಾಚ್ ಅವರೇ ಗೆದ್ರು ಅನ್ನೋದು ಬೇರೆ ಮಾತು. ನರ್ಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಬ್ರೈಟನ್ ಕಡೆ ಸಣ್ಣ ಲೀಗಲ್ಲಿ ವರ್ಷಾನುಗಟ್ಟಲೆ ಕೋಚಿಂಗ್ ಮಾಡ್ಕೊಂಡು ಬಂದೋರು, ಇಂಥ ಪ್ರಯೋಗಕ್ಕೆ ನಾಚಿಕೆ ಪಡಲ್ಲ. ಹಾಗಂತ ದೇವರಲ್ಲ, ಐದನೇ ಮ್ಯಾಚಲ್ಲಿ ಆರು ಪಾಯಿಂಟ್ ಮುಂದೆ, ಮೂರು ನಿಮಿಷ ಬಾಕಿ, ಕವಾಯ್ ಬೆಂಕಿ ಥರ ಆಡ್ತಿದ್ದ, ಅಲ್ಲಿ ಟೈಮ್‌ಔಟ್ ತಗೊಂಡು ಓಟಾನೇ ನಿಲ್ಲಿಸಿಬಿಟ್ರು, 106-105 ಸೋಲು. ಅದನ್ನ ನಾನಂತೂ ಇವತ್ತಿಗೂ ಕ್ಷಮಿಸಿಲ್ಲ.

ಡುರಾಂಟ್ ಇಲ್ಲ, ಥಾಂಪ್ಸನ್ ಇಲ್ಲ, ಅಂಥ ವಾರಿಯರ್ಸ್‌ನ ಸೋಲಿಸಿದ್ದು ಗೆಲುವಾ? (ಮೈಸೂರಿನಿಂದ)

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಡುರಾಂಟ್ ಒಂದು ತಿಂಗಳು ಹೊರಗಿದ್ದು ಐದನೇ ಮ್ಯಾಚಿಗೆ ಬಂದ, 12 ನಿಮಿಷದಲ್ಲಿ 11 ಪಾಯಿಂಟ್ ಹೊಡೆದ, ಹಿಮ್ಮಡಿ ಮೇಲಿನ ಅಕಿಲೀಸ್ ಟೆಂಡನ್ ಹರ್ಕೊಂಡು ಹೋದ. ಆಗ ಟೊರೊಂಟೊ ಜನ ಸ್ವಲ್ಪ ಹೊತ್ತು ಕೇಕೆ ಹಾಕಿದ್ರು, ಥೂ ಅನ್ನೋ ಹಂಗಿತ್ತು, ರಾಪ್ಟರ್ಸ್ ಆಟಗಾರರೇ ಕೈ ಮಾಡಿ ಸುಮ್ನಿರಿ ಅಂದ್ರು. ಆರನೇ ಮ್ಯಾಚಲ್ಲಿ ಥಾಂಪ್ಸನ್ 30 ಪಾಯಿಂಟ್ ಹೊಡೆದು ಮೊಣಕಾಲಿನ ಲಿಗಮೆಂಟ್ ಹರ್ಕೊಂಡ, ಒಳಗೆ ಹೋಗ್ತಿದ್ದವನು ವಾಪಸ್ ಬಂದು ಎರಡೂ ಫ್ರೀ ಥ್ರೋ ಹಾಕಿ ಹೋದ, ಆ ಧೈರ್ಯಕ್ಕೆ ಕೈ ಮುಗೀಬೇಕು.

ಎಲ್ಲಾ ಸರಿ ಇದ್ದಿದ್ರೆ ವಾರಿಯರ್ಸೇ ಗೆಲ್ತಿದ್ರೇನೋ, ನಾನು ಒಪ್ತೀನಿ. ಆದ್ರೆ ಅವರು ಸತತ ಐದನೇ ವರ್ಷ ಫೈನಲ್ ಆಡ್ತಿದ್ರು, ಅಷ್ಟು ವರ್ಷ ಜೂನ್ ತನಕ ಓಡಿದ ಕಾಲುಗಳು ಅವು. ಆ ಕಡೆ ಕವಾಯ್ ಚಳಿಗಾಲದಲ್ಲಿ 22 ಮ್ಯಾಚ್ ರೆಸ್ಟ್ ತಗೊಂಡಿದ್ನಲ್ಲ, ವಿಜಯನಗರದೋರೇ ಇದನ್ನೂ ಓದಿ, ಅದಕ್ಕೇ ಪ್ಲೇಆಫ್‌ನ 24ಕ್ಕೆ 24 ಮ್ಯಾಚೂ ಆಡಿದ, ಕುಂಟಿಕೊಂಡಾದ್ರೂ. ಗಾಯ ಆಗೋದು ಲಕ್ಕು, ಗಾಯ ಆಗದ ಹಾಗೆ ನೋಡ್ಕೊಳ್ಳೋದು ಬರೀ ಲಕ್ಕಲ್ಲ.

ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿರೋ ಕನ್ನಡಿಗ ನಾನು. ನಮ್ಮೂರಿನ ಪಾಲು ಏನೂ ಬರೆಯಲೇ ಇಲ್ಲ!

ಕಂಪ್ಲೇಂಟ್ ನ್ಯಾಯವಾಗೇ ಇದೆ. ರಾಪ್ಟರ್ಸ್‌ನ ಕಿರಿಯರ ಟೀಮು ರಾಪ್ಟರ್ಸ್ 905 ಆಡೋದೇ ನಿಮ್ಮೂರಲ್ಲಿ, 2017ರಲ್ಲಿ ಡಿ ಲೀಗ್ (ಎನ್‌ಬಿಎಯ ಕಿರಿಯರ ಲೀಗು, ಈಗಿನ ಜಿ ಲೀಗ್) ಕಪ್ ಗೆದ್ದ ಆ ಟೀಮಲ್ಲಿ ಸಿಯಾಕಮ್, ವ್ಯಾನ್‌ವ್ಲೀಟ್ ಇಬ್ಬರೂ ಇದ್ರು. ಎರಡೇ ವರ್ಷದಲ್ಲಿ ಅವರು ಎಲ್ಲಿಗೆ ಹೋದ್ರು ನೋಡಿ. ಕ್ಯಾಮರೂನಿನ ಪ್ಯಾಸ್ಕಲ್ ಸಿಯಾಕಮ್ ಡ್ರಾಫ್ಟಲ್ಲಿ 27ನೆಯವನು, ಮೊದಲ ಫೈನಲ್ ಮ್ಯಾಚಲ್ಲೇ 17 ಎಸೆತಕ್ಕೆ 14 ಹಾಕಿ 32 ಪಾಯಿಂಟ್. ಫ್ರೆಡ್ ವ್ಯಾನ್‌ವ್ಲೀಟ್‌ನ ಡ್ರಾಫ್ಟಲ್ಲಿ ಯಾರೂ ಮುಟ್ಟಿರಲೇ ಇಲ್ಲ. ಪ್ಲೇಆಫ್ ಶುರುವಲ್ಲಿ ಅವನ ಎಸೆತ ಒಂದೂ ಬೀಳ್ತಿರಲಿಲ್ಲ, ಮೂರನೇ ರೌಂಡಿನ ಮಿಲ್ವಾಕಿ ಸೀರೀಸ್ ಮಧ್ಯೆ ಮಗ ಹುಟ್ಟಿದ, ಆಮೇಲಿನ ಮೂರು ಮ್ಯಾಚಲ್ಲಿ 17 ತ್ರೀ ಪಾಯಿಂಟರ್ ಎಸೆದು 14 ಒಳಗೆ! ಫೈನಲ್‌ನ ಕೊನೇ ಮ್ಯಾಚಲ್ಲಿ ನಾಲ್ಕನೇ ಕ್ವಾರ್ಟರ್ ಒಂದರಲ್ಲೇ 12 ಪಾಯಿಂಟ್ ಹೊಡೆದ, ಫೈನಲ್ ಎಂವಿಪಿ ಅಂದ್ರೆ ಬೆಸ್ಟ್ ಆಟಗಾರ ಪ್ರಶಸ್ತಿ ಕವಾಯ್‌ಗೆ ಹೋದ್ರೂ 11 ವೋಟಲ್ಲಿ ಒಂದು ಇವನಿಗೆ ಬಿತ್ತು.

ಇನ್ನು ನವ್ ಭಾಟಿಯಾ ಬಗ್ಗೆ ನಿಮಗೆ ಹೇಳಬೇಕಾ. ಬೇರೆಯವರಿಗೆ ಹೇಳ್ತೀನಿ, 1984ರಲ್ಲಿ ದೆಹಲಿಯ ಸಿಖ್ ವಿರೋಧಿ ಗಲಭೆ ಆದ್ಮೇಲೆ ಕೆನಡಾಗೆ ಹೋಗಿ ಕಾರು ಮಾರಿ ಮೇಲೆ ಬಂದ ಸರ್ದಾರ್‌ಜಿ, 1995ರಲ್ಲಿ ಟೀಮು ಹುಟ್ಟಿದಾಗಿಂದ ಕೋರ್ಟ್ ಪಕ್ಕ ಕೂತು ಎದುರಾಳಿಗಳಿಗೆ ಟವೆಲ್ ಬೀಸ್ತಿದ್ದೋರು, ಟೀಮು ಆಟಗಾರರಿಗೆ ಕೊಡೋ ಚಾಂಪಿಯನ್ ಉಂಗುರಾನೇ ಅವರಿಗೂ ಕೊಡ್ತು.

ಆರ್‌ಸಿಬಿ ಅಭಿಮಾನಿ ನಾನು, ನಮ್ಮ ಕಥೆ ಥರಾನೇ ಕಾಣುತ್ತಲ್ಲ? (ತುಮಕೂರಿನಿಂದ)

ಕಾಣುತ್ತೆ. ನಾವು 2008ರಿಂದ 2025ರ ತನಕ ಕಾದ್ವಿ, ಅವರು 1995ರಿಂದ 2019. ಈ ಸಲ ಈ ಸಲ ಅಂತ ಆಡಿಕೊಳ್ಳೋರ ಕೈಲಿ ಬೈಸ್ಕೊಂಡಿದ್ದೂ ಸೇಮು. ವ್ಯತ್ಯಾಸ ಅಂದ್ರೆ ನಮ್ಮೋರು ಕೊಹ್ಲಿನ ಇಟ್ಕೊಂಡೇ ಗೆದ್ರು, ಅವರು ಅವರ ಕೊಹ್ಲಿನ ಮಾರಿ ಗೆದ್ರು. ಕಪ್ ಬಂದ್ಮೇಲಿನ ಸಂಭ್ರಮ ಕೂಡ ಎರಡು ಊರಲ್ಲೂ ಕೆಟ್ಟೋಯ್ತು, ಅಲ್ಲಿ ಜೂನ್ 17ರ ಮೆರವಣಿಗೆಗೆ ಲಕ್ಷಾಂತರ ಜನ ಸೇರಿ ಬಸ್ಸು ಗಂಟೆಗಟ್ಟಲೆ ಲೇಟು, ಗುಂಪಲ್ಲಿ ಗುಂಡು ಹಾರಿ ನಾಲ್ಕು ಜನಕ್ಕೆ ಗಾಯ. ಚಿನ್ನಸ್ವಾಮಿ ಹತ್ರ ನಮ್ಮ 11 ಜನ ಹೋಗೇ ಬಿಟ್ರು. ಅದರ ಬಗ್ಗೆ ತಮಾಷೆ ಕಾಲಂನಲ್ಲಿ ಜಾಸ್ತಿ ಬರೆಯೋಕೆ ಮನಸ್ಸು ಬರಲ್ಲ.

ಅಂದಹಾಗೆ ರಾಪ್ಟರ್ಸ್ 114-110ಕ್ಕೆ ಕಪ್ ಗೆದ್ದಿದ್ದು ಅಲ್ಲಿಯ ಜೂನ್ 13ರ ರಾತ್ರಿ, ನಮಗೆ 14ರ ಬೆಳಗ್ಗೆ. ಹಿಂದಿನ ಸಂಜೆ ವರ್ಲ್ಡ್ ಕಪ್‌ನಲ್ಲಿ ಇಂಡಿಯಾ-ನ್ಯೂಜಿಲೆಂಡ್ ಮ್ಯಾಚು ನಾಟಿಂಗ್‌ಹ್ಯಾಮ್‌ನಲ್ಲಿ ಟಾಸೂ ಆಗದೆ ಮಳೆಗೆ ಕೊಚ್ಚಿ ಹೋಗಿತ್ತು, ಹಂಗಾಗಿ ಬೆಳಗ್ಗೆ ಕಾಫಿ ಹೊತ್ತಿಗೆ ಇದನ್ನ ಹಾಕಿದೋರು ಸುಮಾರು ಜನ ಇರಬೇಕು.

ಕವಾಯ್ ಆಮೇಲೆ ಇದ್ನಾ? (ಬಳ್ಳಾರಿಯಿಂದ)

ಇಲ್ಲ. ಜುಲೈನಲ್ಲೇ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೋದ. ಟೊರೊಂಟೊದಲ್ಲಿ ಹೆಚ್ಚಿನೋರು ಬೈಯಲಿಲ್ಲ, ವಾಪಸ್ ಆಡೋಕೆ ಬಂದಾಗ ಉಂಗುರ ಕೊಟ್ಟು ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ಟೈಮಿಲ್ಲ, ಆ ಸೀಸನ್‌ದು ಒಂದೇ ಒಂದು ಮ್ಯಾಚ್ ನೋಡ್ಬೇಕು, ಯಾವುದು? (ಉಡುಪಿಯಿಂದ)

ಎಲ್ಲಾರೂ ಆ ನಾಲ್ಕು ಪುಟಿತದ ಮ್ಯಾಚ್ ಅಂತಾರೆ. ನಾನು ಮಿಲ್ವಾಕಿ ಬಕ್ಸ್ ಎದುರಿನ ಮೂರನೇದು ಅಂತೀನಿ. ಆ ಸೀಸನ್ 60 ಮ್ಯಾಚ್ ಗೆದ್ದ ಟೀಮು ಅದು, ರಾಪ್ಟರ್ಸ್ ಆಗಲೇ 2-0 ಹಿಂದೆ, ಇದೂ ಹೋದ್ರೆ ಕಥೆ ಮುಗೀತು. ಲೌರಿ ನಾಲ್ಕನೇ ಕ್ವಾರ್ಟರಲ್ಲೇ ಆರು ಫೌಲ್ ಆಗಿ ಹೊರಗೆ, ಗೆದ್ದೇಬಿಟ್ರು ಅನ್ನೋವಾಗ ಸಿಯಾಕಮ್ ಎರಡೂ ಫ್ರೀ ಥ್ರೋ ಮಿಸ್ ಮಾಡಿದ, ಓವರ್‌ಟೈಮು, ಇನ್ನೊಂದು ಓವರ್‌ಟೈಮು, ಕವಾಯ್ 52 ನಿಮಿಷ ಆಡಿ 36 ಪಾಯಿಂಟ್ ಹೊಡೆದಿದ್ದಲ್ಲದೆ ಆ ವರ್ಷದ ಎಂವಿಪಿ ಯಾನಿಸ್ ಆಂಟೆಟೊಕೊಂಪೊನ ತಾನೇ ಕಾಯೋಕೆ ನಿಂತ, ಯಾನಿಸ್ 12 ಪಾಯಿಂಟಿಗೆ ಸುಸ್ತಾಗಿ ಫೌಲ್ ಔಟ್ ಆದ. 118-112. ಅಲ್ಲಿಂದ ಬಕ್ಸ್ ಆ ಸೀರೀಸಲ್ಲಿ ಇನ್ನೊಂದು ಮ್ಯಾಚ್ ಗೆಲ್ಲಲಿಲ್ಲ. ಪೂರ್ತಿ ನೋಡಿ, ಹೈಲೈಟ್ಸ್ ಬೇಡ.