ಪ್ರತಿಕ್ರಿಯೆ: ನೆರೆ ಇಳಿದ ಮೇಲೆ ಸೊಳ್ಳೆ ಕಾಟ ಎಷ್ಟು ದಿನ?

ನೆರೆ ಇಳಿದ ಮೊದಲ ವಾರ ಸೊಳ್ಳೆಯೇ ಇರಲಿಲ್ಲ, ಈಗ ಇದ್ದಕ್ಕಿದ್ದಂತೆ ಮುತ್ತಿಕೊಂಡಿವೆ, ಇನ್ನೆಷ್ಟು ದಿನ ಎಚ್ಚರ ಬೇಕು ಅಂತ ಕೇಳಿದ್ದೀರಿ. ಮೊದಲ ವಾರ ಇಲ್ಲದ್ದು ಸಹಜ. ರಭಸದ ನೀರು ಸೊಳ್ಳೆ ಮರಿಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ತೊಂದರೆ ಶುರುವಾಗುವುದು ನೀರು ಅಲ್ಲಲ್ಲಿ ನಿಂತ ಮೇಲೆ. ಮೊಟ್ಟೆ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇನ್ನೂ ಹಟಮಾರಿ. ಅದು ಮೊಟ್ಟೆ ಅಂಟಿಸುವುದು ಪಾತ್ರೆಯ ಒಳಮೈಗೆ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ಸುಮ್ನೆ ನೀರು ಚೆಲ್ಲಿದರೆ ಸಾಲದು, ಡ್ರಮ್ಮು, ಬಕೆಟ್ಟುಗಳ ಒಳಬದಿಯನ್ನು ಬ್ರಷ್ಷಿನಿಂದ ಗಟ್ಟಿಯಾಗಿ ಉಜ್ಜಿ. ಕಸದ ರಾಶಿಯಲ್ಲಿ ಸಿಕ್ಕಿಕೊಂಡ ಟೈರು, ಟಾರ್ಪಾಲಿನ ಮಡಿಕೆ ಎಲ್ಲವನ್ನೂ ನೋಡಿ. ನಲ್ಲಿ ನೀರು ನಿಂತಾಗ ಎಲ್ಲರೂ ಮನೆಯಲ್ಲಿ ನೀರು ತುಂಬಿಡುತ್ತೇವೆ ಅಲ್ವಾ, ಅದನ್ನು ಬಿಗಿಯಾಗಿ ಮುಚ್ಚಿಡಿ.

ಮಲೇರಿಯಾ ತಡವಾಗಿ ಬರುತ್ತದೆ, ಸಾಮಾನ್ಯವಾಗಿ ನೆರೆಯಾದ 6ರಿಂದ 8 ವಾರಗಳ ಮೇಲೆ ಹೆಚ್ಚುತ್ತದೆ. 1963ರಲ್ಲಿ ಹೈಟಿಗೆ ಫ್ಲೋರಾ ಚಂಡಮಾರುತ ಬಡಿದಾಗ ಮನೆಗಳಿಗೆ ಸಿಂಪಡಿಸಿದ್ದ ಔಷಧಿಯೂ ತೊಳೆದುಹೋಗಿತ್ತು. ಆಮೇಲೆ ಸುಮಾರು 75,000 ಮಂದಿಗೆ ಮಲೇರಿಯಾ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಕನಿಷ್ಠ ಎರಡು ಮೂರು ತಿಂಗಳು ಸೊಳ್ಳೆಪರದೆ ಬಿಡಬೇಡಿ. ಈಡಿಸ್ ಕಚ್ಚುವುದು ಹಗಲಲ್ಲಿ, ಮಕ್ಕಳು ಮಧ್ಯಾಹ್ನ ಮಲಗುವಾಗಲೂ ಪರದೆ ಕಟ್ಟಿ.

ಜ್ವರ ಬಂದರೆ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ದಯವಿಟ್ಟು ಬೇಡ. ಅವು ರಕ್ತಸ್ರಾವದ ಅಪಾಯವನ್ನು ಜಾಸ್ತಿ ಮಾಡುತ್ತವೆ.