ಒಂದು ಲೀಟರ್ ನೀರಲ್ಲಿ ಎಷ್ಟು ಮೋಲ್?

ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಪಾಠ ನಿಂತಿದೆ, ಪ್ರಶ್ನೆಗಳು ನಿಂತಿಲ್ಲ. ಮೊದಲ ಪಿಯುಸಿಯ ಮೊದಲ ಟೆಸ್ಟ್ ಮಾರ್ಕ್ಸ್ ಬಂತು ಅಂದರೆ ಸಾಕು, ಅದೇ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಎಲ್ಲರಿಗೂ ಸೇರಿಸಿ ಉತ್ತರ ಬರೆದುಬಿಡುತ್ತೇನೆ.

ಮಗನಿಗೆ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 94 ಬಂದಿತ್ತು. ಕನ್ನಡ ಮೀಡಿಯಂ. ಈಗ ಪಿಯುಸಿ ಟೆಸ್ಟಿನಲ್ಲಿ ಕೆಮಿಸ್ಟ್ರಿ 35ಕ್ಕೆ 9. ಟ್ಯೂಷನ್ನಿಗೂ ಹೋಗುತ್ತಿದ್ದಾನೆ. ನಾನು ಓದಿದ್ದು ಬಿ.ಎ., ಅವನ ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ. ನಮಗೆ ಕೆಮಿಸ್ಟ್ರಿಯ ಗಂಧಗಾಳಿ ಇಲ್ಲ. ಬೇರೆ ಟ್ಯೂಷನ್ನಿಗೆ ಹಾಕಬೇಕಾ? ನಾವೇನು ಮಾಡಬಹುದು? (ಒಬ್ಬ ತಾಯಿ, ಹಾಸನ ಜಿಲ್ಲೆ)

ಟ್ಯೂಷನ್ ಬದಲಾಯಿಸಬೇಡಿ ತಾಯಿ. ಮೊದಲು ಇದೊಂದು ಮಾಡಿ. ಮಗ ಊಟ ಮುಗಿಸಿ ಸುಮ್ನೆ ಕೂತಿರುವಾಗ ಒಂದು ಲೀಟರ್ ನೀರಿನ ಬಾಟಲಿಯನ್ನು ಅವನ ಮುಂದೆ ಇಡಿ. ಇದರಲ್ಲಿ ಎಷ್ಟು ಮೋಲ್ ನೀರಿದೆ ಅಂತ ಕೇಳಿ. (ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಒಂದು ದೊಡ್ಡ ಲೆಕ್ಕ.) ಮೋಲ್ ಅಂದರೇನು ಅಂತ ಮಾತ್ರ ಕೇಳಬೇಡಿ. ಅದನ್ನು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿಬಿಡುತ್ತಾನೆ, ನೀವು ಮೋಸ ಹೋಗುತ್ತೀರಿ.

ಉತ್ತರ ಸುಮಾರು 55.5. ಪ್ರತಿ ವರ್ಷ ಒಂದಷ್ಟು ಮಕ್ಕಳು 0.018 ಅಂತ ಬರೆಯುತ್ತಾರೆ. ಲೀಟರ್ ನೀರು 1000 ಗ್ರಾಂ, ಒಂದು ಮೋಲ್ ನೀರು 18 ಗ್ರಾಂ; 1000ವನ್ನು 18ರಿಂದ ಭಾಗಿಸುವ ಬದಲು 18ನ್ನು 1000ದಿಂದ ಭಾಗಿಸಿರುತ್ತಾರೆ. ಬರೆದು, ಕೆಳಗೆ ಎರಡು ಗೆರೆ ಎಳೆದು, ಪೇಪರ್ ಕೊಟ್ಟು ಎದ್ದು ಹೋಗುತ್ತಾರೆ. ಅನುಮಾನ ಅನ್ನೋದು ಹತ್ತಿರವೂ ಸುಳಿಯುವುದಿಲ್ಲ.

ಈ ತಪ್ಪನ್ನು ಬಿ.ಎ. ಓದಿದ ನೀವು ಹಿಡಿಯಬಹುದು. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳ ಮನೆಯಲ್ಲಿ ಇರುತ್ತದಲ್ವಾ? ಅದರಲ್ಲಿ 10 ಎಂಎಲ್ ಒಂದು ಸಲ, 8ರ ಹತ್ತಿರಕ್ಕೆ ಇನ್ನೊಂದು ಸಲ ನೀರು ಅಳೆದು ಲೋಟಕ್ಕೆ ಸುರಿಯಿರಿ. 18 ಎಂಎಲ್ ನೀರು ಹೆಚ್ಚುಕಮ್ಮಿ 18 ಗ್ರಾಂ ತೂಗುತ್ತದೆ. ಅದೇ ಒಂದು ಮೋಲ್. ಲೋಟದ ತಳದಲ್ಲಿ ಒಂದು ಗುಟುಕಿನಷ್ಟು. ಈಗ ನೀವೇ ಹೇಳಿ, ಒಂದು ಗುಟುಕಿಗೇ ಒಂದು ಮೋಲ್ ಆದರೆ ಇಡೀ ಬಾಟಲಿಗೆ ಒಂದಕ್ಕಿಂತ ಕಮ್ಮಿ ಹೇಗಾಗುತ್ತದೆ? ನೀವು ಕೇಳಬೇಕಾದದ್ದು ಇಷ್ಟೇ: "ಜಾಸ್ತಿ ಬರಬೇಕಾ, ಕಮ್ಮಿ ಬರಬೇಕಾ?" ಲೆಕ್ಕ ಶುರು ಮಾಡುವ ಮೊದಲೇ ಕೇಳಿ. ಮಗ ಮೊದಲು ಸಿಡುಕುತ್ತಾನೆ, ಬಿಡಿ.

ಇನ್ನು ಅವನ ಅಪ್ಪ. ಕೆಮಿಸ್ಟ್ರಿ ಗೊತ್ತಿಲ್ಲ ಅಂದಿರಿ. ಮೋಲ್ ಪಾಠವನ್ನು ಅವರು ದಿನಾ ಅಂಗಡಿಯಲ್ಲಿ ಮಾಡುತ್ತಿದ್ದಾರೆ! ಮೊಳೆಯನ್ನು ಎಣಿಸಿ ಮಾರುತ್ತಾರಾ? ಇಲ್ಲ, ತೂಗಿ ಮಾರುತ್ತಾರೆ. ಒಂದಿಂಚಿನ ಮೊಳೆ ಒಂದು ಕೆಜಿಗೆ ಜಾಸ್ತಿ ಬರುತ್ತವೆ, ಮೂರಿಂಚಿನದು ಕಮ್ಮಿ. ಎರಡೂ ಥರದ್ದು ಸಾವಿರ ಸಾವಿರ ಮೊಳೆ ಬೇಕು ಅಂದರೆ ಎರಡು ಬೇರೆ ಬೇರೆ ತೂಕ ಹಾಕಬೇಕು. ಅಷ್ಟೇ ವಿಷಯ. 18 ಗ್ರಾಂ ನೀರು, 342 ಗ್ರಾಂ ಸಕ್ಕರೆ: ತೂಕ ಬೇರೆ, ಅಣುಗಳ ಎಣಿಕೆ ಒಂದೇ. ಎಷ್ಟು ಅಂದರೆ 6022 ಬರೆದು ಮುಂದೆ ಇಪ್ಪತ್ತು ಸೊನ್ನೆ ಹಾಕಿ. ಭಾನುವಾರ ಹುಡುಗನನ್ನು ಒಂದು ಗಂಟೆ ತಕ್ಕಡಿ ಪಕ್ಕ ಕೂರಿಸಿ. ನೂರು ಮೊಳೆ ಎಣಿಸಿ ತೂಗಲಿ. ಆಮೇಲೆ ಒಂದು ಹಿಡಿ ಮೊಳೆ ತೂಗಿ, ಎಣಿಸದೆ, ಎಷ್ಟಿವೆ ಅಂತ ಹೇಳಲಿ. ನನ್ನ ಎರಡು ಪೀರಿಯಡ್ಡಿಗೆ ಅದು ಸಮ.

ಇನ್ನು ಕನ್ನಡ ಮೀಡಿಯಂ ವಿಚಾರ. ಮಗ ದಡ್ಡನಾಗಿಲ್ಲ, ಶಬ್ದಗಳು ಬದಲಾಗಿವೆ. ಆಮ್ಲ ಹೋಗಿ ಆಸಿಡ್ ಬಂತು, ಪ್ರತ್ಯಾಮ್ಲ ಹೋಗಿ ಬೇಸ್ ಬಂತು. ಉತ್ಕರ್ಷಣ, ಅಪಕರ್ಷಣ ಅಂತ ಕಲಿತದ್ದು ಆಕ್ಸಿಡೇಷನ್, ರಿಡಕ್ಷನ್ ಆಯಿತು. ಇವನ್ನೆಲ್ಲ ಒಂದು ತಿಂಗಳಲ್ಲಿ ದಾಟಬಹುದು. ದಾಟಲು ಕಷ್ಟವಾಗುವುದು ಅಣು ಮತ್ತು ಪರಮಾಣು. ಪುಸ್ತಕದಲ್ಲಿ ಪರಮಾಣು ಅಂದರೆ ಆಟಮ್, ಅಣು ಅಂದರೆ ಮಾಲಿಕ್ಯೂಲ್. ಹೊರಗೆ ಬಂದರೆ ಅಣುಬಾಂಬ್, ಅಣುಶಕ್ತಿ, ಕೈಗಾದ ಅಣು ವಿದ್ಯುತ್ ಸ್ಥಾವರ! ಅಲ್ಲೆಲ್ಲ ಅಣು ಅಂದರೆ ಆಟಮ್. ಮಕ್ಕಳು ಕಕ್ಕಾಬಿಕ್ಕಿ ಆಗದೆ ಇನ್ನೇನು? ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಅವನೇ ಬರೆಯಲಿ. ಕೇಳುವ ಕೆಲಸ ನಿಮ್ಮದು. ಬಿ.ಎ. ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಸಮೀಕರಣ ಸರಿದೂಗಿಸುವುದನ್ನೂ ನೀವೇ ತಪಾಸಣೆ ಮಾಡಬಹುದು. ಬಾಣದ ಈ ಕಡೆ ಎಷ್ಟು ಆಕ್ಸಿಜನ್, ಆ ಕಡೆ ಎಷ್ಟು ಅಂತ ಎಣಿಸಲು ಎರಡನೇ ಕ್ಲಾಸಿನ ಲೆಕ್ಕ ಸಾಕು. ಒಂದು ಕಳ್ಳಾಟ ಮಾತ್ರ ಗಮನಿಸಿ. ಎಣಿಕೆ ಸರಿಹೋಗಲಿ ಅಂತ ಮಕ್ಕಳು ಮುಂದೆ ದೊಡ್ಡ ಅಂಕಿ ಹಾಕುವ ಬದಲು ಒಳಗಿನ ಸಣ್ಣ ಅಂಕಿಯನ್ನೇ ತಿದ್ದುತ್ತಾರೆ. ಎಚ್2ಓ ಅಂತ ಇದ್ದದ್ದು ಎಚ್2ಓ2 ಆಗುತ್ತದೆ. ಎಣಿಕೆ ಸರಿಯಾಯಿತು, ಆದರೆ ಕುಡಿಯುವ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಯಿತು. ಗಾಯ ತೊಳೆಯಲು, ಬಟ್ಟೆ ಬಿಳುಪು ಮಾಡಲು ಬಳಸುವ ದ್ರವ ಅದು. ಪುಸ್ತಕದಲ್ಲಿರುವ ಸೂತ್ರ ಪಕ್ಕದಲ್ಲಿಟ್ಟು ಸಣ್ಣ ಅಂಕಿ ಬದಲಾಗಿದೆಯಾ ನೋಡಿ. ಬದಲಾಗಿದ್ದರೆ ಪೆನ್ಸಿಲ್ಲಿನಲ್ಲಿ ಒಂದು ಸುತ್ತು ಹಾಕಿ ವಾಪಸ್ ಕೊಡಿ. ಬೈಯಬೇಡಿ, ಉತ್ತರವನ್ನೂ ಹೇಳಬೇಡಿ.

94ರ ಬಗ್ಗೆ ಒಂದು ಮಾತು. ಹತ್ತನೇ ಕ್ಲಾಸಿನಲ್ಲಿ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಬಿಡಿಸಿ ತಗೊಂಡ ಮಾರ್ಕ್ಸ್ ಬಹಳ ಇವೆ. ಅದು ಸುಳ್ಳಲ್ಲ, ಆದರೆ ವೇಲೆನ್ಸಿ (ಒಂದು ಪರಮಾಣು ಎಷ್ಟು ಬಂಧ ಕಟ್ಟಬಲ್ಲದು ಅನ್ನುವ ಅಂಕಿ) ಗೊತ್ತು ಅನ್ನುವುದಕ್ಕೆ ಸಾಕ್ಷಿಯೂ ಅಲ್ಲ. ದಸರಾ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಪುಸ್ತಕ ಮತ್ತೆ ತೆಗೆಸಿ. ಅವಮಾನ ಏನಿಲ್ಲ.

ನೆನಪಿನ ಶಕ್ತಿಗೆ ಮಿಡ್‌ಬ್ರೇನ್ ಆಕ್ಟಿವೇಷನ್ ಕೋರ್ಸಿಗೆ ಸೇರಿಸಲಾ?

ಕಣ್ಣಿಗೆ ಬಟ್ಟೆ ಕಟ್ಟಿಸಿ ಪುಸ್ತಕ ಓದಿಸುತ್ತಾರಲ್ಲ, ಅದಾ? ಮಕ್ಕಳು ಮೂಗಿನ ಪಕ್ಕದ ಸಂದಿಯಲ್ಲಿ ಇಣುಕಿ ಓದುತ್ತಾರೆ. ದುಡ್ಡು ತಗೊಂಡು ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸುವ ದಂಧೆ ಅದು. ಸ್ಮರಣಶಕ್ತಿ ಲೇಹ್ಯ, ಪುಡಿ ಅಂತ ಕೇಳಿದವರಿಗೂ ಇದೇ ಉತ್ತರ. ಆ ದುಡ್ಡಿಗೆ ರಾತ್ರಿ ಹತ್ತೂವರೆಗೆ ದೀಪ ಆರಿಸಿ ಮಲಗಿಸಿ. ಅಯ್ಯೋ, ಅದಕ್ಕೆ ದುಡ್ಡೂ ಬೇಡ.

118 ಧಾತುಗಳನ್ನೂ ಬಾಯಿಪಾಠ ಮಾಡಿಸಬೇಕಾ?

ಬೇಡ. ಮೊದಲ 30 ಕ್ರಮವಾಗಿ ಬಂದರೆ ಸದ್ಯಕ್ಕೆ ಸಾಕು.

ಅಣ್ಣನ ಮಗಳ ನೋಟ್ಸ್ ಇದೆ, 2012ರದ್ದು. ನಡೆಯುತ್ತಾ?

ಮೋಲ್ ವ್ಯಾಖ್ಯೆಯೇ 2019ರಲ್ಲಿ ಬದಲಾಗಿದೆ. ರದ್ದಿಗೆ ಹಾಕಿ.

ನೀಟ್‌ಗೆ ಯಾವ ಗೈಡ್ ತರಲಿ?

ನೀಟ್‌ನ 720 ಅಂಕದಲ್ಲಿ ಕೆಮಿಸ್ಟ್ರಿಗೆ 180. ಕಾಲೇಜಿನ ಪಠ್ಯಪುಸ್ತಕ ಇನ್ನೂ ಹೊಸದಾಗಿ ಹೊಳೆಯುತ್ತಿರುವಾಗ ಗೈಡ್ ಕೇಳಬೇಡಿ.

ಮಗಳು ಮೊಬೈಲ್ ನೋಡಿ ಮನೆಯಲ್ಲೇ ಪ್ರಯೋಗ ಮಾಡುತ್ತೇನೆ ಅನ್ನುತ್ತಾಳೆ. ಬಿಡಬಹುದಾ?

ಮೊಬೈಲ್ ನೋಡಿ ಬೇಡವೇ ಬೇಡ. ನಾನು ಸ್ವಲ್ಪ ಪುಕ್ಕಲು, ಒಪ್ಪಿಕೊಳ್ಳುತ್ತೇನೆ. ಓದುವಾಗ ಬಿಸಿ ಪ್ರನಾಳದ ಬಾಯಿಯನ್ನು ನನ್ನ ಕಡೆಗೇ ತಿರುಗಿಸಿಕೊಂಡಿದ್ದೆ. ಎಡಗೈ ಮೇಲೆ ಕಲೆ ಇವತ್ತಿಗೂ ಇದೆ. ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಂದೇ ಕಡೆ ಇಡಲೂ ಬೇಡಿ. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಮಾಡಲೇಬೇಕು ಅಂದರೆ ಅಜ್ಜಿಯನ್ನು ಕರೆಯಿರಿ. ಆರತಿಗೆ ಓಕುಳಿ ನೀರು ಕಲಸಲಿ. ಅರಿಶಿನದ ನೀರಿಗೆ ಎಲೆ ಅಡಿಕೆಯ ಸುಣ್ಣ ಒಂದು ಚಿಟಿಕೆ ಬಿದ್ದ ತಕ್ಷಣ ಕೆಂಪು. ಅರಿಶಿನ ಒಂದು ಸೂಚಕ, ಸುಣ್ಣ ಪ್ರತ್ಯಾಮ್ಲ. ಹತ್ತನೇ ಕ್ಲಾಸಿನ ಒಂದು ಪಾಠದ ಅರ್ಧ ಅಲ್ಲೇ ಮುಗಿಯಿತು. ಈಗ ನಿಂಬೆಹಣ್ಣು ಹನಿ ಹನಿಯಾಗಿ ಹಿಂಡುತ್ತಾ ಹೋಗಲಿ. ಎಷ್ಟನೇ ಹನಿಗೆ ಹಳದಿ ವಾಪಸ್ ಬಂತು ಅಂತ ಬರೆದಿಡಲಿ. ಸುಣ್ಣ ಎರಡು ಚಿಟಿಕೆ ಹಾಕಿದರೆ ಎಷ್ಟು ಹನಿ ಬೇಕು ಅಂತ ಮೊದಲೇ ಊಹಿಸಿ, ಆಮೇಲೆ ಹಿಂಡಲಿ. ಲ್ಯಾಬಿನಲ್ಲಿ ಬ್ಯುರೆಟ್ ಹಿಡಿದು ಮಾಡುವ ಟೈಟ್ರೇಷನ್ ಕೂಡ ಇದೇ. ಸುಣ್ಣದ ಕೈ ಕಣ್ಣಿಗೆ ತಾಗದಿರಲಿ. ಯೂನಿಫಾರ್ಮಿನ ಬಿಳಿ ಷರಟು ಬಿಚ್ಚಿಟ್ಟು ಕೂರಲಿ, ಅರಿಶಿನದ ಕಲೆಗೆ ನನ್ನ ಹತ್ತಿರ ಉತ್ತರ ಇಲ್ಲ.